ತೂಗು

ಬ್ಯಾಡಗಿ ಯಾರ್ಡಿನಲ್ಲಿ ಗುರುವಾರ ಟೆಂಡರು ಹಾಕಿ ಮುಗಿದು
ದರ ಹೊರಬೀಳುವ ಮುನ್ನ ಒಂದು ತಾಸು
ಯಾರೂ ಯಾರ ಮಾತಿಗೂ ಸಿಗುವುದಿಲ್ಲ,
ಎಲ್ಲರಿಗೂ ಸೀನು.
ಆ ಹೊತ್ತಿನಲ್ಲಿ ರಾಕೆಟ್ಟು ಹಾರಿತು.

ಅಡತಿ ಅಂಗಡಿಯ ಕಟ್ಟೆಯ ಮೇಲೆ
ಒಂದು ಫೋನಿಗೆ ಒಂಬತ್ತು ತಲೆ.
ಬಿಳಿ ಕಂಬವೊಂದು ಬೆಂಕಿ ಕಾರಿ ಮೇಲೆದ್ದಿತು,
ಅಷ್ಟರಲ್ಲಿ ಸಿಗ್ನಲ್ಲು ಹೋಗಿ
ನಟ್ಟನಡುವೆ ಒಂದು ಚಕ್ರ ಸುತ್ತುತ್ತ ನಿಂತಿತು.
ಅದೇ ಆಕಾಶವೆಂದುಕೊಂಡು ನೋಡಿದೆವು.

"ಸರಕಾರದ್ದೇನ್ರಿ?" ಅಂದ ಹಮಾಲಿ ದಾವಲಸಾಬ.
"ಅಲ್ಲೋ, ಕಂಪನೀದು. ನಾಕು ಸೀಟು. ಟಿಕೀಟು ಐತಿ."
"ಹಂಗಾರ ಬಸ್ಸು."
"ಬಸ್ಸಿನಂಥಾದ್ದ."

ಒಂದು ಸೀಟಿಗೆ ಇಷ್ಟು ಕೋಟಿ ಎಂದು ಯಾರೋ ಓದಿದರು.
ನಾನು ತೂಕದವ, ಇಪ್ಪತ್ತೊಂಬತ್ತು ವರ್ಷದ ಲೈಸೆನ್ಸು.
ಕೋಟಿ ಕೇಳಿದರೂ ಕಿಲೋಕ್ಕೆ ಎಷ್ಟು ಬಿತ್ತೆಂದು
ಲೆಕ್ಕ ತಾನಾಗಿ ಏಳುತ್ತದೆ, ಬಿಕ್ಕಳಿಕೆಯ ಹಾಗೆ.
ಮನುಷ್ಯನನ್ನು ಎಪ್ಪತ್ತು ಹಿಡಿದೆ,
ತಲೆಗಿಟ್ಟ ಬುರುಡೆ, ಮೈಮೇಲಿನ ಬಿಳಿ ಅಂಗಿ
ಚೀಲದ ತೂಕವೆಂದು ಕಳೆದೆ.
ಬಂದ ದರ ಬಾಯಿಬಿಟ್ಟು ಹೇಳಲಿಲ್ಲ.
ಡಬ್ಬಿ ಕಾಯಿ ತಂದವರು ಪಕ್ಕದಲ್ಲೇ ಕೂತಿದ್ದರು.

ಮೆಣಸಿನಕಾಯಿ ಸುಳ್ಳು ಹೇಳುವ ಸರಕು.
ಚೀಲ ನೋಡಿದರೆ ಆನೆಮರಿ, ಹೊತ್ತರೆ ನಲವತ್ತು ಕಿಲೋ.
ತೂಕ ಬರಲೆಂದು ನೀರು ಹೊಡೆದದ್ದು
ನನ್ನ ಅಂಗೈಗೆ ಗೊತ್ತಾಗುತ್ತದೆ,
ಜ್ವರದ ಹಣೆ ಮುಟ್ಟಿದಂತೆ.
ದಾವಲಸಾಬನ ಹೆಗಲಿಗೆ ನನಗಿಂತ ಮೊದಲೇ ಗೊತ್ತು.
ಆದರೆ ಹೆಗಲನ್ನು ಯಾರೂ ಕೇಳುವುದಿಲ್ಲ.

ಮರುದಿನ ನಾಲ್ವರೂ ಮುಟ್ಟಿದರಂತೆ,
ಮೊದಲೇ ಕಟ್ಟಿಟ್ಟ ಅಟ್ಟ,
ಒಂದೂವರೆ ತಾಸಿಗೊಮ್ಮೆ ಭೂಮಿ ಸುತ್ತುವ ಅಟ್ಟ.
ಸೋಮವಾರದ ಟೆಂಡರಿಗೆ ದಾವಲಸಾಬ
ಪ್ರಶ್ನೆ ಕಟ್ಟಿಕೊಂಡೇ ಬಂದಿದ್ದ:
"ಅಲ್ಲಿ ಯಾವುದಕ್ಕೂ ವಜ್ಜೆ ಇಲ್ಲಂತ. ಮತ್ತ ಹಮಾಲರು?"
"ಬ್ಯಾಡ. ಒಂದು ಬೆರಳು ಸಾಕು."
ಸ್ವಲ್ಪ ಹೊತ್ತು ಬೆರಳು ನೋಡಿಕೊಂಡ.
"ತೂಕದವರು?"

ಅದಕ್ಕೆ ನನಗೆ ಎರಡು ದಿನ ಹಿಡಿಯಿತು.
ಮೋಟೆಬೆನ್ನೂರಿನಿಂದ ಬರುವ ವಿಜ್ಞಾನದ ಪದ್ಮಾವತಿ ಟೀಚರು
ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಹೇಳಿದರು.
ತಕ್ಕಡಿ ಅಲ್ಲಿ ಸತ್ತಂತೆ; ಪರಡಿ ಬಿಟ್ಟಲ್ಲೇ ನಿಂತೀತು.
ಅದಕ್ಕೇ ಮನುಷ್ಯನನ್ನು ಸ್ಪ್ರಿಂಗಿನ ಪೀಠಕ್ಕೆ ಅವುಚಿ
ಹಿಂದೆ ಮುಂದೆ ಆಡಿಸುತ್ತಾರೆ.
ಹಗುರದವ ಬೇಗ ಬೇಗ, ಭಾರದವ ಸಾವಕಾಶ.
ಆಡಿದ ಹೊತ್ತೇ ತೂಕ.

ಅಂದರೆ, ತೂಗುತ್ತಾರೆ.
ಕೂಸನ್ನು ತೂಗಿದ ಹಾಗೆ ತೂಗಿ
ತೂಗುತ್ತಾರೆ.
ಇಪ್ಪತ್ತೊಂಬತ್ತು ವರ್ಷ ಬಾಯಲ್ಲಿಟ್ಟುಕೊಂಡ ಮಾತು
ಒಳಗೆ ಎರಡಾಗಿತ್ತು, ನಾನು ನೋಡಿರಲಿಲ್ಲ.
ಗುಲಗಂಜಿಯಿಂದ ಬಂಗಾರ ತೂಗಿದವನಿಗೆ
ಅದರ ಕಪ್ಪು ಕಂಡಿರದಂತೆ.

ಗೋದಾಮಿನ ಹಿಂದೆ ಹಳೆಯ ತಕ್ಕಡಿಯ ಒಂದು ಪರಡಿ
ತೊಲೆಗೆ ಉದ್ದ ಸರಪಳಿಯಲ್ಲಿ ಇನ್ನೂ ಜೋತಾಡುತ್ತಿದೆ.
ಎಲೆಕ್ಟ್ರಾನಿಕ್ ಬಂದ ಮೇಲೆ ಅದರಲ್ಲಿ ಬೆಕ್ಕು ಈಯುತ್ತದೆ.
ಗುರುವಾರ ಸಂಜೆ, ಬೆಕ್ಕನ್ನು ಎಬ್ಬಿಸಿ,
ಮೊದಲು ಒಂದು ಚೀಲ ಇಟ್ಟು ದೂಡಿದೆ.
ನೂರು ಎಣಿಸುವಷ್ಟರಲ್ಲಿ ಮೂವತ್ತೊಂದು ಸಲ.
ಆಮೇಲೆ ದಾವಲಸಾಬ ಹತ್ತಿದ,
ಮೊಳಕಾಲು ಅಪ್ಪಿಕೊಂಡು, ಟೋಪಿ ಕೈಯಲ್ಲಿ ಹಿಡಿದು.
ಜನರ ಸರಕು ಇಳಿಸಿ ಇಳಿಸಿ ಬಾಗಿದ ಬೆನ್ನು
ನೆಲಬಿಟ್ಟು ಹೋಗಿ ಬಂತು, ಹೋಗಿ ಬಂತು.

ಮೂವತ್ತೊಂದು.
ಮತ್ತೆ ಎಣಿಸಿದೆ. ಮೂವತ್ತೊಂದೇ.
ಭೂಮಿಯ ಮೇಲೆ ತೂಗಿದರೆ ತೂಕ ತಿಳಿಯದು;
ನಲವತ್ತು ಕಿಲೋದ ಚೀಲ, ಅದನ್ನು ಹೊರುವ ಮನುಷ್ಯ,
ಸರಪಳಿಗೆ ಇಬ್ಬರೂ ಒಂದೇ.

ಆ ಅಟ್ಟ ಊರಮೇಲೆ ದಾಟುವುದು ಏಳು ಇಪ್ಪತ್ತಕ್ಕೆಂದು
ಟೀಚರು ಹೇಳಿದ್ದರು. ಎಣಿಕೆಯಲ್ಲಿ ಮರೆತೇ ಹೋಯಿತು.
ಹೊರಗೆ ಬಂದಾಗ ನೀರಿನ ಟಾಕಿಯ ಮೇಲೆ
ಬರೀ ಮಾಮೂಲಿ ಚಿಕ್ಕಿಗಳಿದ್ದವು.

ಪಟ್ಟಿಯ ಪುಸ್ತಕ ತೆಗೆದೆ, ಅಭ್ಯಾಸಬಲ.
ಹೆಸರು ಬರೆದು ತೂಕದ ಕಾಲಂ ಖಾಲಿ ಬಿಟ್ಟೆ.
ದಾವಲಸಾಬ ಹೆಗಲ ಮೇಲಿಂದ ಇಣುಕಿ,
ಇನ್ನೂ ಸ್ವಲ್ಪ ತೂರಾಡುತ್ತಲೇ ಅಂದ:
"ಅದಿರ್ಲಿ. ಹಮಾಲಿ ಎಷ್ಟು ಬರದ್ರಿ?"